ಮುಳ್ಳೇರಿಯದ ದಾರಿಯಲ್ಲೊಂದು ಕುಲುಮೆ, ಮಕ್ಕಳ ಕೈಗೊಂದು ಕೊಡಲಿ

ಚೆರ್ಕಳದಲ್ಲಿ ಹೆದ್ದಾರಿಯನ್ನು ಬಿಟ್ಟು ಜಾಲ್ಸೂರಿನ ಕಡೆಗೆ ತಿರುಗಿದ ಬಸ್ಸು ಬೋವಿಕ್ಕಾನವನ್ನು ದಾಟುವಷ್ಟರಲ್ಲಿ ಕಡಲ ಗಾಳಿ ಹಿಂದೆಯೇ ಉಳಿದುಬಿಡುತ್ತದೆ. ಮುರಕಲ್ಲಿನ ಬೋಳು ಪದವುಗಳು, ಅವುಗಳ ನಡುವಿನ ತಗ್ಗಿನಲ್ಲಿ ಅಡಕೆ ತೋಟಗಳು, ಗುಡ್ಡದ ಓರೆಯಲ್ಲಿ ಗೇರು ಮತ್ತು ರಬ್ಬರು. ಕಾಸರಗೋಡಿನ ಒಳನಾಡು ಹೀಗೆ ಏರಿಳಿಯುತ್ತ ಮುಳ್ಳೇರಿಯ, ಆದೂರುಗಳನ್ನು ಹಾದು ಗಡಿಯವರೆಗೂ ಸಾಗುತ್ತದೆ. ಬಸ್ಸಿನ ಒಳಗಿನ ಮಾತಂತೂ ಒಂದು ಮೈಲಿಯ ಉದ್ದಕ್ಕೂ ಒಂದೇ ಭಾಷೆಯಲ್ಲಿ ನಿಲ್ಲುವುದಿಲ್ಲ. ಟಿಕೆಟು ಕೇಳುವುದು ಮಲಯಾಳದಲ್ಲಿ, ನೆರೆಯವರ ಕ್ಷೇಮಸಮಾಚಾರ ತುಳುವಿನಲ್ಲಿ, ಮಕ್ಕಳನ್ನು ಗದರಿಸುವುದು ಕನ್ನಡದಲ್ಲಿ.

ಡಿಸೆಂಬರಿನ ಒಂದು ಶನಿವಾರ ಈ ಬಸ್ಸಿನಲ್ಲಿ ಕನ್ನಡ ಮಾಧ್ಯಮ ಶಾಲೆಯೊಂದರ ಸ್ಕೌಟ್ ಮಾಸ್ತರರೂ ಎಂಟನೆಯ ತರಗತಿಯ ಇಬ್ಬರು ಹುಡುಗರೂ ಒಬ್ಬ ಹುಡುಗಿಯೂ ಪ್ರಯಾಣ ಮಾಡುತ್ತಿದ್ದರು. ಮಾಸ್ತರರ ಮಡಿಲಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಅದರೊಳಗೆ ಪೇಟೆಯಿಂದ ಕೊಂಡ ಸಣ್ಣ ಕೊಡಲಿಯ ತಲೆ ಒಂದು ಕಡೆ, ಕೆಂಪು ಬಣ್ಣ ಬಳಿದ ಕಾವು ಇನ್ನೊಂದು ಕಡೆ. ಹಿಂದಿನ ಶಿಬಿರದಲ್ಲಿ ಡೇರೆಯ ಗೂಟ ಕೆತ್ತುತ್ತಿದ್ದಾಗ ಈ ತಲೆ ಕಾವಿನಿಂದ ಕಳಚಿ ಹಾರಿ, ನೀರು ತರುತ್ತಿದ್ದ ಹುಡುಗನೊಬ್ಬನ ಪಕ್ಕದಲ್ಲಿ ಒಂದು ಮಾರು ದೂರಕ್ಕೆ ಬಿದ್ದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ತಾಯಿಯೊಬ್ಬರು ಎದ್ದು ನಿಂತು, ಇನ್ನು ಮುಂದೆ ಶಿಬಿರಕ್ಕೆ ಕೊಡಲಿಯೇ ಬೇಡವೆಂದರು. ಅವರ ಮಾತಿಗೆ ತಲೆದೂಗಿದವರೇ ಹೆಚ್ಚು. ಮಾಸ್ತರರು ಕೇಳಿದ್ದು ಒಂದೇ ಒಂದು ಶಿಬಿರದ ಅವಕಾಶ. ಬಸ್ಸಿನಲ್ಲಿದ್ದ ಹುಡುಗಿ ಆ ತಾಯಿಯ ಮಗಳು. ನೋಡಿಕೊಂಡು ಬಾ ಎಂದು ತಾಯಿಯೇ ಕಳುಹಿಸಿದ್ದರು.

ಮುಳ್ಳೇರಿಯದಿಂದ ಮುಂದೆ, ರಸ್ತೆಯಿಂದ ನಾಲ್ಕು ಮೆಟ್ಟಿಲು ಕೆಳಗೆ, ಹೆಂಚಿನ ಮಾಡಿನ ಒಂದು ಕುಲುಮೆ. ಮೂರು ಕಡೆ ಮುರಕಲ್ಲಿನ ಅರೆಗೋಡೆ, ನಾಲ್ಕನೆಯ ಕಡೆ ಬಯಲು. ಗೆರಟೆ ಕರಿಯ ರಾಶಿ, ಮರದ ಕೊರಡಿನಲ್ಲಿ ಹೂತ ಅಡಿಗಲ್ಲು, ಗೋಡೆಗೆ ಸಾಲಾಗಿ ಸಿಕ್ಕಿಸಿದ ಇಕ್ಕುಳಗಳು. ಚರ್ಮದ ತಿದಿ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿದೆ. ಅದರ ಕೆಲಸವನ್ನು ಈಗ ವಿದ್ಯುತ್ತಿನ ಬ್ಲೋವರು ಮಾಡುತ್ತದೆ. ಅಡಕೆ ಕೊಯ್ಲಿನ ಕಾಲದಲ್ಲಿ ಕತ್ತಿ ಹದ ಮಾಡಿಸುವವರ ಸಾಲು ಮೆಟ್ಟಿಲವರೆಗೂ ಇರುತ್ತಿದ್ದುದುಂಟು. ಈಗ ದಿನಕ್ಕೆ ಇಬ್ಬರೋ ಮೂವರೋ.

“ಆಚಾರ್ರೇ, ಇದಕ್ಕೊಂದು ಹೊಸ ಕಾವು ಹಾಕಿಕೊಟ್ಟರೆ ಸಾಕಿತ್ತು” ಎಂದು ಮಾಸ್ತರರು ಪೊಟ್ಟಣ ಬಿಚ್ಚಿದರು.

ವೃದ್ಧ ಕಮ್ಮಾರರು ಕಬ್ಬಿಣವನ್ನು ಮುಟ್ಟಲೇ ಇಲ್ಲ. ಕಾವನ್ನು ಎತ್ತಿಕೊಂಡು ಪೀಶಕತ್ತಿಯಿಂದ ಅದರ ಕೆಂಪು ಬಣ್ಣವನ್ನು ಹೆರೆದರು. ಬಣ್ಣದ ಕೆಳಗೆ ಮರದ ಗೆರೆಗಳು ಕಾವಿನ ಉದ್ದಕ್ಕೆ ಓಡದೆ, ಓರೆಯಾಗಿ ಹೊರಟು ಪಕ್ಕಕ್ಕೆ ಮುಗಿದುಹೋಗಿದ್ದವು. ತಲೆಯ ಬುಡದಲ್ಲಿ ಒಂದು ಗಂಟು. ಬೆಣೆ ಇರಬೇಕಾದಲ್ಲಿ ಒಂದು ಮೊಳೆ. “ಬಣ್ಣ ಬಳಿಯುವುದು ಇದಕ್ಕೇ ಮಕ್ಕಳೇ” ಎಂದರು ಅವರು. ಕೊಡಲಿ ಕೊಳ್ಳುವವರು ಬಾಯಿಯ ಹೊಳಪನ್ನು ನೋಡುತ್ತಾರೆಯೇ ಹೊರತು ಕಾವನ್ನು ನೋಡುವವರು ಕಡಿಮೆ. ಕೊಡಲಿ ಕಾವು ಕುಲಕ್ಕೆ ಮೂಲ ಎಂಬ ಗಾದೆ ಮರದ ಕುಲದ ಮೇಲಿನ ದ್ರೋಹವನ್ನು ಹೇಳುತ್ತದೆ. ಹಿಡಿದ ಕೈಗೂ ಕಾವು ದ್ರೋಹ ಮಾಡಬಲ್ಲದು ಎಂಬುದನ್ನು ಗಾದೆ ಕಟ್ಟಿದವರು ಹೇಳಲಿಲ್ಲ.

ಬಳಿಕ ತಲೆಯ ಸರದಿ. ಕಮ್ಮಾರರು ಅದರ ಬಾಯಿಯ ಮೇಲೆ ಅರವನ್ನು ಒಮ್ಮೆ ಎಳೆದರು. ಅರ ಬೆಲ್ಲವನ್ನು ಹೆರೆದಂತೆ ಸಲೀಸಾಗಿ ಕಚ್ಚಿತು. ಇದು ಮೆತ್ತಗಿನ ಕಬ್ಬಿಣದ ಗುರುತು. ಗಟ್ಟಿ ಮರಕ್ಕೆ ತಾಗಿದರೆ ಇಂತಹ ಬಾಯಿ ಮಡಚಿಕೊಳ್ಳುತ್ತದೆ. ಅರ ಕಚ್ಚದೆ ಗಾಜಿನ ಮೇಲೆಂಬಂತೆ ಜಾರಿದರೆ ಹದ ಮೀರಿದೆ ಎಂದರ್ಥ. ಆಗ ಬಾಯಿಯಿಂದ ಚಕ್ಕೆ ಏಳುತ್ತದೆ. ಒಳ್ಳೆಯ ಕೊಡಲಿಯ ಮೇಲೆ ಅರ ಹಟ ಮಾಡುತ್ತ ಕಚ್ಚಬೇಕು. ಮೂವರು ಮಕ್ಕಳೂ ಸರದಿಯಂತೆ ಅರ ಎಳೆದು ನೋಡಿದರು.

ತೂಕದಲ್ಲಿಯೂ ಆ ಕೊಡಲಿ ಮಕ್ಕಳದಾಗಿರಲಿಲ್ಲ. ತಲೆಯೊಂದೇ ಒಂದು ಕಿಲೋಗಿಂತ ಹೆಚ್ಚು. ಶಿಬಿರದ ಕೆಲಸವಾದರೂ ಎಂತಹದು? ಗೂಟ ಕೆತ್ತಬೇಕು, ಒಣ ಕೊಂಬೆ ತುಂಡರಿಸಬೇಕು, ಒಲೆಗೆ ಪುರಳೆ ಸೀಳಬೇಕು. ಅದಕ್ಕೆ 500ರಿಂದ 600 ಗ್ರಾಂ ತೂಕದ ತಲೆ, 35ರಿಂದ 40 ಸೆಂಟಿಮೀಟರು ಉದ್ದದ ಕಾವು ಧಾರಾಳ. ಕಮ್ಮಾರರ ಅಳತೆಗೆ ಕೋಲು ಬೇಕಿರಲಿಲ್ಲ. ತಲೆಯನ್ನು ಅಂಗೈಯಲ್ಲಿ ಹಿಡಿದಾಗ ಕಾವಿನ ತುದಿ ಮೊಣಕೈಯನ್ನು ಮುಟ್ಟಬೇಕು; ಕಾವಿನ ಕೊನೆಯನ್ನು ಹಿಡಿದು ಕೈಯನ್ನು ಮುಂದಕ್ಕೆ ಚಾಚಿ ಹತ್ತು ಎಣಿಸುವವರೆಗೆ ಮಣಿಕಟ್ಟು ನಡುಗಬಾರದು. ಪೇಟೆಯ ಕೊಡಲಿಯ ತಲೆಯನ್ನು ಒಂದು ಹಳೆಯ ಕೋಲಿಗೆ ಸಿಕ್ಕಿಸಿಕೊಟ್ಟಾಗ ಹುಡುಗನೊಬ್ಬನ ಕೈ ಆರಕ್ಕೇ ಇಳಿಯಿತು.

ಅವರು ಅಟ್ಟದಿಂದ ತೆಗೆದುಕೊಟ್ಟದ್ದು ಹೊಸದನ್ನಲ್ಲ. ತಂದೆಯ ಕಾಲದ ಒಂದು ಕೊಡಲಿಯ ತಲೆ. ವರ್ಷಗಳ ಮಸೆತಕ್ಕೆ ಸವೆದು ಗಿಡ್ಡವಾಗಿ, ದೊಡ್ಡವರ ಕೆಲಸಕ್ಕೆ ಒದಗದೆ ಉಳಿದದ್ದು. ಮೈಯೆಲ್ಲ ತುಕ್ಕು, ಆದರೆ ಬಾಯಿಯಲ್ಲಿ ಉಕ್ಕು. ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಯುರೋಪಿನವರು ವೂಟ್ಸ್ ಎಂದು ಕರೆದರಷ್ಟೆ. ಆ ಹೆಸರಿಗೆ ಕನ್ನಡದ ಉಕ್ಕು ಎಂಬ ಮಾತೇ ಮೂಲವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಈ ಕೊಡಲಿಯ ಉಕ್ಕು ಅಷ್ಟು ಪ್ರಾಚೀನದ್ದೇನಲ್ಲ, ಯಾವುದೋ ಲಾರಿಯ ಸವೆದ ಪ್ಲೇಟಿನದು. ಊರ ಕುಲುಮೆಗಳಿಗೆ ಒಳ್ಳೆಯ ಉಕ್ಕು ಬರುವುದು ಬಹಳ ವರ್ಷಗಳಿಂದ ಹಾಗೆಯೇ.

ಕೆಂಪಗೆ ಕಾದ ತಲೆ ಅಡಿಗಲ್ಲಿನ ಮೇಲೆ ಬಂದಾಗ ಮಕ್ಕಳು ಹಿಂದೆ ಸರಿದರು. ಎರಡು ಬಾರಿ ಕಾಸಿ ಬಡಿದು ಬಾಯಿಯನ್ನು ತಿದ್ದಿದ ಮೇಲೆ ಹದ ಹಾಕುವ ಕೆಲಸ. ಕಾದ ಬಾಯಿಯ ಅಂಚನ್ನು ಮಾತ್ರ ನೀರಿಗೆ ಅದ್ದಿ ತೆಗೆದು, ಮರಳುಕಲ್ಲಿನಿಂದ ಒಮ್ಮೆ ಉಜ್ಜಿ, ಕಮ್ಮಾರರು ಅದನ್ನು ನೆರಳಿಗೆ ಹಿಡಿದರು. ಹಿಂಬದಿಯಲ್ಲಿ ಉಳಿದಿದ್ದ ಕಾವು ಮುಂದಕ್ಕೆ ಹರಿಯುತ್ತ ಬಂದಂತೆ ಉಜ್ಜಿದ ಜಾಗದಲ್ಲಿ ಬಣ್ಣಗಳು ಓಡತೊಡಗಿದವು: ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ಬಳಿಕ ನೇರಳೆ. ನೇರಳೆ ಅಂಚನ್ನು ಮುಟ್ಟಿದ ಕ್ಷಣದಲ್ಲಿ ತಲೆ ಪೂರ್ತಿಯಾಗಿ ನೀರಿಗಿಳಿಯಿತು. ಇನ್ನಷ್ಟು ಬಿಟ್ಟಿದ್ದರೆ ನೀಲಿ ಬರುತ್ತಿತ್ತು, ಬಾಯಿ ಮೆತ್ತಗಾಗುತ್ತಿತ್ತು. ವಿದ್ಯುತ್ತಿನ ಚಕ್ರದಲ್ಲಿ ಕೊಡಲಿಯನ್ನು ಒತ್ತಿಹಿಡಿದು ಮಸೆಯಬಾರದು ಎನ್ನುವುದೂ ಇದಕ್ಕೇ. ಕಿಡಿ ಹಾರುವ ಬಿಸಿಗೆ ಅಂಚು ನೀಲಿಯಾದರೆ ಹಾಕಿದ ಹದವೆಲ್ಲ ಅರೆಗಳಿಗೆಯಲ್ಲಿ ಹೋದಂತೆ.

ಬೆಂಕಿಯ ಕಾವಿಗೂ ಕೊಡಲಿಯ ಕಾವಿಗೂ ಒಂದೇ ಹೆಸರೇಕೆ ಎಂದು ಹುಡುಗಿ ಕೇಳಿದಳು. ಕಮ್ಮಾರರು ನಕ್ಕರು. ಅವರ ಮನೆಯಲ್ಲಿ ಮಾತು ತುಳು. ಕೊಡಲಿ ಅಲ್ಲಿ ಕುಡರಿ. ಗಿರಾಕಿಗಳಲ್ಲಿ ಹೆಚ್ಚಿನವರು ಕೇಳುವುದು ಮಲಯಾಳದ ಕೋಡಾಲಿಯನ್ನು. ರಾಯದುರ್ಗದ ಕಡೆಯ ಓದುಗರಿಗೆ ತೆಲುಗಿನ ಗೊಡ್ಡಲಿಯೂ ಅಕ್ಕಲಕೋಟೆಯವರಿಗೆ ಮರಾಠಿಯ ಕುರ್ಹಾಡಿಯೂ ಪರಿಚಿತವಾಗಿರುತ್ತವೆ. ನೆರೆಮನೆಯ ಮಕ್ಕಳಂತೆ ಈ ಹೆಸರುಗಳ ಮುಖದಲ್ಲಿ ಹೋಲಿಕೆಯಿದೆ. ಆದರೆ ಆ ಮೂವರು ಮಕ್ಕಳಿಗೆ ಬೆಣೆ, ಅಲಗು, ಅಡಿಗಲ್ಲು, ಇಕ್ಕುಳ ಎಂಬ ಕನ್ನಡದ ಮಾತುಗಳು ಯಾವ ಭಾಷೆಯಲ್ಲಿಯೂ ತಿಳಿದಿರಲಿಲ್ಲ. ಮಾಸ್ತರರು ಅವುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಲು ಹೇಳಿದರು. ವಸ್ತುವನ್ನು ಕೈಯಲ್ಲಿ ಹಿಡಿದು ಕಲಿತ ಹೆಸರಿಗೆ ಪರೀಕ್ಷೆಯ ಹಿಂದಿನ ರಾತ್ರಿಯ ಬಾಯಿಪಾಠ ಬೇಕಾಗುವುದಿಲ್ಲ.

ಹೊಸ ಕಾವಿಗೆ ಕಮ್ಮಾರರು ಆರಿಸಿದ್ದು ವರ್ಷದ ಹಿಂದೆ ಕಡಿದು ನೆರಳಿನಲ್ಲಿ ಒಣಗಿಸಿದ ಪೇರಳೆಯ ಕೊಂಬೆ. ಹುಣಸೆಯೂ ಆದೀತು, ಮಲಯಾಳದಲ್ಲಿ ಚಡಚ್ಚಿ ಎನ್ನುವ ತಡಸಲು ಮರ ಸಿಕ್ಕಿದರೆ ಅದು ಇನ್ನೂ ಒಳ್ಳೆಯದು. ಮರ ಯಾವುದೇ ಇರಲಿ, ಗೆರೆಗಳು ಬುಡದಿಂದ ತುದಿಯವರೆಗೆ ಕಡಿಯದೆ ಓಡಬೇಕು, ಗಂಟಿರಬಾರದು, ಹಸಿಯಾಗಿರಬಾರದು. ಹಸಿ ಮರ ಒಣಗಿ ಕುಗ್ಗಿದಾಗ ತಲೆ ಸಡಿಲವಾಗಲೇಬೇಕು. ಕಾವನ್ನು ತಲೆಯ ತೂತಿಗೆ ಕೂರಿಸುವ ಬಗೆಯನ್ನು ನೋಡಿ ಮಕ್ಕಳು ಬೆರಗಾದರು. ಕೊಡಲಿಯನ್ನು ತಲೆಕೆಳಗಾಗಿ ಗಾಳಿಯಲ್ಲಿ ತೂಗಾಡುವಂತೆ ಹಿಡಿದು, ಮೇಲೆ ಬಂದ ಕಾವಿನ ಬುಡಕ್ಕೆ ಮರದ ಕೊಡತಿಯಿಂದ ಹೊಡೆದರು. ತಲೆ ಕೆಳಗೆ ಬೀಳುವುದರ ಬದಲು ಕಾವಿನ ಮೇಲೆ ಹತ್ತಿ ಬಂದಿತು! ವಿಜ್ಞಾನದ ಪಾಠದಲ್ಲಿ ಜಡತ್ವವೆಂದು ಓದಿದ್ದು ಇದೇ ಎಂದು ಹುಡುಗನೊಬ್ಬನಿಗೆ ತಟ್ಟನೆ ಹೊಳೆಯಿತು. ಮೇಲಿನ ಸೀಳಿಗೆ ಒಣ ಮರದ ಬೆಣೆಯನ್ನು ಬಡಿದ ಮೇಲೆ, ಕಾವಿನ ಬುಡದಿಂದ ಕಣ್ಣು ಹಾಯಿಸಿ ನೋಡಿದರೆ ಬಾಯಿಯ ಅಂಚು ಕಾವಿನ ನಡುಗೆರೆಯ ಮೇಲೆಯೇ ಕಾಣಿಸುತ್ತಿತ್ತು. ಕೊಳ್ಳುವಾಗಲೂ ಹೀಗೆ ನೋಡುವುದು ಒಳ್ಳೆಯದು. ಅಂಚು ಪಕ್ಕಕ್ಕೆ ಸರಿದಿದ್ದರೆ ಏಟೂ ಪಕ್ಕಕ್ಕೆ ಸರಿಯುತ್ತದೆ.

ಹೊರಡುವಾಗ ಕಮ್ಮಾರರು ಹೇಳಿದ್ದು ಆರೈಕೆಯ ಮಾತು. ತಲೆ ಸಡಿಲವಾಯಿತೆಂದು ಕೊಡಲಿಯನ್ನು ನೀರಿನಲ್ಲಿ ನೆನೆಹಾಕುವುದು ಮನೆಮನೆಯ ರೂಢಿ. ಅಂದಿಗೆ ಬಿಗಿಯಾಗುತ್ತದೆ ನಿಜ. ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿ ನಜ್ಜಾಗಿ, ಒಣಗಿದ ಮೇಲೆ ಮೊದಲಿಗಿಂತಲೂ ಸಡಿಲವಾಗುತ್ತದೆ. ಅದಕ್ಕೆ ಬೆಣೆಯೇ ಮದ್ದು. ಮಸೆಯುವಾಗ ಅರದಿಂದ ನಾಲ್ಕೆಳೆತ, ಬಳಿಕ ನೀರು ಹಾಕಿದ ಸಾಣೆಕಲ್ಲು. ಅಂಚಿನ ಆಚೆಬದಿಗೆ ಕೂದಲೆಳೆಯಷ್ಟು ಉಕ್ಕು ಮಡಚಿಕೊಂಡು ಬೆರಳಿಗೆ ಒರಟಾಗಿ ತಾಗಿದಾಗ ಮಗ್ಗುಲು ಬದಲಿಸಬೇಕು. ಅಲಗಿನಂತೆ ತೆಳ್ಳಗೆ ಮಾಡುವ ಆಸೆ ಬೇಡ. ತೆಳ್ಳಗಿನ ಬಾಯಿ ಮರದಲ್ಲಿ ಸಿಕ್ಕಿಬೀಳುತ್ತದೆ, ಅಂಚಿನ ಹಿಂದೆ ಸ್ವಲ್ಪ ಹೊಟ್ಟೆ ಇದ್ದರೆ ಮರ ಸೀಳಿಕೊಳ್ಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನಲ್ಲಿ ಕಬ್ಬಿಣಕ್ಕೆ ತೆಂಗಿನೆಣ್ಣೆ ಸವರದೆ ಜೂನ್ ತಿಂಗಳನ್ನು ದಾಟಿಸುವಂತಿಲ್ಲ. ಕಾವಿಗೆ ಅಗಸೆ ಎಣ್ಣೆ ಉತ್ತಮ, ವಾರ್ನಿಷು ಬೇಡ. ಅದು ಅಂಗೈಯಲ್ಲಿ ಬೊಕ್ಕೆ ಎಬ್ಬಿಸುತ್ತದೆ. ಬಾಯಿಗೆ ಒಂದು ಮುಸುಕು ಬೇಕಲ್ಲ ಎಂದಾಗ ಕಮ್ಮಾರರು ತೋಟದ ಕಡೆ ಕೈ ತೋರಿಸಿದರು. ಒಣ ಅಡಕೆಹಾಳೆಯನ್ನು ನೆನೆಸಿ ಮಡಚಿ, ದಾರದಿಂದ ಹೊಲಿದು ಒಣಗಿಸಿದರೆ ಚರ್ಮದ ಚೀಲದಷ್ಟೇ ಗಟ್ಟಿ. ಮಳೆಗಾಲದಲ್ಲಿ ಮಾತ್ರ ಅದನ್ನು ಕಳಚಿಡಬೇಕು, ಹಾಳೆ ತೇವವನ್ನು ಕುಡಿಯುತ್ತದೆ.

ಹಣ ತೆಗೆದುಕೊಂಡದ್ದು ಕಾವಿನ ಕೆಲಸಕ್ಕೆ ಮಾತ್ರ. ತಂದೆಯ ಕೊಡಲಿಗೆ ಬೆಲೆ ಕಟ್ಟಲು ಅವರು ಒಪ್ಪಲಿಲ್ಲ.

ಶಿಬಿರ ಜನವರಿಯಲ್ಲಿ ನಡೆಯಿತು. ಮಕ್ಕಳ ಮನಸ್ಸು ರಾಣಿಪುರದ ಬೆಟ್ಟದ ಮೇಲಿತ್ತು. ಆದರೆ ಅದು ಅರಣ್ಯ ಇಲಾಖೆಯ ಕಾಡು, ಅಲ್ಲಿ ಕೊಡಲಿ ಹಿಡಿದು ನಡೆಯುವುದೇ ತಪ್ಪು. ಹಾಗಾಗಿ ಡೇರೆಗಳು ಎದ್ದದ್ದು ಶಾಲೆಯ ಹಿಂದಿನ ತೋಟದಲ್ಲಿ. ಒಲೆಗೆ ಒಣ ಮಡಲು, ಬಿದ್ದ ಗೇರುಕೊಂಬೆ. ಗೂಟಕ್ಕೆ ಸೀಳಿದ ಅಡಕೆಮರ. ಹಸಿ ಮರಕ್ಕೆ ಒಂದು ಏಟೂ ಬೀಳಲಿಲ್ಲ. ಕಡಿಯುವ ಜಾಗದ ಸುತ್ತ ಹಗ್ಗ ಕಟ್ಟಿ, ಒಳಗೆ ಒಬ್ಬರೇ ಎಂಬ ನಿಯಮ ಮಾಡಿದ್ದರು. ಸಣ್ಣ ಕೊಡಲಿಯೆಂದರೆ ಅಪಾಯ ಸಣ್ಣದೆಂದು ದೊಡ್ಡವರೂ ನಂಬುವುದುಂಟು. ವಾಸ್ತವದಲ್ಲಿ ಉದ್ದ ಕಾವಿನ ಕೊಡಲಿ ತಪ್ಪಿದರೆ ಹೆಚ್ಚಾಗಿ ನೆಲಕ್ಕೆ ಬೀಳುತ್ತದೆ, ಗಿಡ್ಡ ಕಾವಿನದು ಮೊಣಕಾಲಿಗೆ ಬರುತ್ತದೆ. ಆದಕಾರಣ ಮಕ್ಕಳು ಮಂಡಿಯೂರಿ ಕುಳಿತು, ಕೊರಡಿನ ಆಚೆಯ ಅಂಚಿನಲ್ಲಿ ಮರವನ್ನಿಟ್ಟು ಕೆತ್ತಿದರು. ತಪ್ಪಿದ ಏಟುಗಳನ್ನೆಲ್ಲ ಕೊರಡೇ ನುಂಗಿತು. ಕೊಡಲಿಯ ಹಿಂಬದಿಯಿಂದ ಮರದ ಗೂಟಗಳನ್ನು ಬಡಿದರೇ ಹೊರತು ಕಬ್ಬಿಣದ ಮೊಳೆಗಳನ್ನಲ್ಲ. ಹಾಗೆ ಬಡಿದರೆ ಕಾವಿನ ತೂತು ಅಗಲವಾಗಿ ಮತ್ತೆ ಮೊದಲಿನ ಕಥೆ.

ಸಂಜೆ ಆ ತಾಯಿ ಬಂದರು. ಮಗಳು ಕೆತ್ತಿದ ಗೂಟವನ್ನು ನೋಡುವ ಮೊದಲು ಅವರು ಕೊಡಲಿಯನ್ನು ಕೈಗೆತ್ತಿಕೊಂಡು ತಲೆಯನ್ನು ಬಲವಾಗಿ ಅಲುಗಾಡಿಸಿದರು. ಅದು ಅಲುಗಲಿಲ್ಲ. ಆಮೇಲೆಯೂ ಅವರು ಒಂದು ಗಂಟೆಯ ಹೊತ್ತು ಹಗ್ಗದ ಹೊರಗೆ ನಿಂತೇ ಇದ್ದರು.

ಕೊಡಲಿ ಈಗ ಶಾಲೆಯ ಕಪಾಟಿನಲ್ಲಿದೆ. ಎಣ್ಣೆ ಹಚ್ಚಿದ ದಿನವನ್ನೂ ಹಚ್ಚಿದವರ ಹೆಸರನ್ನೂ ಬರೆಯುವ ಪುಸ್ತಕವೊಂದು ಅದರ ಜೊತೆಗಿದೆ. ಮಳೆ ಕಳೆದ ಮೇಲೆ ಬೆಣೆ ನೋಡಲು ಒಮ್ಮೆ ತರಬೇಕೆಂದು ಕಮ್ಮಾರರು ಹೇಳಿದ್ದಾರೆ. ಮಗ ಮುಳ್ಳೇರಿಯದಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಾನೆ, ಗೇಟು ಮತ್ತು ಕಿಟಕಿಯ ಸರಳುಗಳದೇ ಕೆಲಸ. ಕುಲುಮೆಗೆ ಬೆಂಕಿ ಹಾಕಲು ಅವನಿಗೆ ಪುರಸೊತ್ತಿಲ್ಲ. ಅಕ್ಟೋಬರಿನಲ್ಲಿ ಹೋಗುವುದೆಂದು ಮಕ್ಕಳು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಟ್ಟಿದ್ದಾರೆ.