ನೂರಕ್ಕೆ ನೂರು

ನಾವು ಓದಿದ ಹೈಸ್ಕೂಲಿನಿಂದ ಈ ಸಲ ಕಾಗದ ಬಂತು. ವಾರ್ಷಿಕೋತ್ಸವ ಮತ್ತು ಪ್ರತಿಭಾ ಪುರಸ್ಕಾರ. ಸಾಧನೆ ಮಾಡಿದ ಹಳೆಯ ವಿದ್ಯಾರ್ಥಿಗಳಿಗೆ ಸನ್ಮಾನ. ಕೇರಿಯಿಂದ ಮೂವರ ಹೆಸರಿತ್ತು. ಒಬ್ಬ ಪೊಲೀಸು, ಒಬ್ಬಳು ನರ್ಸು, ಇನ್ನೊಬ್ಬ ಬಿ.ಎ. ಮುಗಿಸಿ ಪದ್ಯ ಬರೆದುಕೊಂಡು ಓಡಾಡುವವನು. ಮೂವರ ಮನೆಯಲ್ಲೂ ನಮಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಸಾಧನೆ ಅಂದರೆ ಇಷ್ಟೇನಾ ಅಂತ ನಮಗೇ ನಗು ಬಂತು. ಅವ್ವಂದಿರು ಬಿಡಲಿಲ್ಲ. "ಆ ಸ್ಕೂಲ್ ಕಸ ಗುಡಿಸಿದ್ದೀರಿ, ಒಂದ್ಸಲ ಕುರ್ಚಿ ಮ್ಯಾಲೂ ಕೂತ್ಕಂಡು ಬನ್ರಪ್ಪಾ" ಅಂದರು.

ಕಸ ಗುಡಿಸಿದ್ದು ನಿಜ. ವಾರ್ಷಿಕೋತ್ಸವ ಅಂದರೆ ನಮ್ಮ ನೆನಪೆಲ್ಲ ಅದೇ. ಮಾವಿನ ಸೊಪ್ಪು ತರಲು ತೋಪಿಗೆ ಓಡುವವರು ನಾವು. ಕೊಠಡಿಯ ಬೆಂಚುಗಳನ್ನು ಬಯಲಿಗೆ ಹೊರುವವರು ನಾವು. ಮಾರನೆ ದಿನ ಅವನ್ನೇ ವಾಪಸ್ಸು ಹೊರುವವರೂ ನಾವೇ. ಬಾಡಿಗೆ ಡ್ರೆಸ್ಸಿಗೆ ದುಡ್ಡು ಕೊಟ್ಟವರು ಕುಣಿದರು. ನಾವು ಪರದೆ ಎಳೆದೆವು. ಒಂದು ವರ್ಷ ಮುಖ್ಯ ಅತಿಥಿಗಳನ್ನು ಬಸ್‌ಸ್ಟಾಂಡಿನಿಂದ ಕರೆತರಲು ನಮ್ಮಪ್ಪಂದಿರನ್ನು ತಮಟೆಗೆ ಕರೆಸಿದ್ದರು. ಗೇಟಿನ ತನಕ ಬಾರಿಸಿದರು. ಅತಿಥಿಗಳು ಒಳಗೆ ಹೋದರು, ತಮಟೆ ಹೊರಗೇ ನಿಂತಿತು. ಕಾಫಿಯನ್ನು ಮಾತ್ರ ಗೇಟಿನಾಚೆಗೇ ಕಳಿಸಿಕೊಟ್ಟರು. ನಾವು ಪರದೆಯ ಹಗ್ಗ ಹಿಡಿದುಕೊಂಡು ಅದನ್ನು ನೋಡುತ್ತಿದ್ದೆವು.

ಈಗ ಅದೇ ವೇದಿಕೆ. ಶಾಮಿಯಾನ, ಸೀರಿಯಲ್ ಲೈಟು, ಸರಸ್ವತಿಯ ದೊಡ್ಡ ಫೋಟೋ. 1848ರಲ್ಲೇ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದು ಕಲಿಸಿದ ಸಾವಿತ್ರಿಬಾಯಿ ಫುಲೆಗೆ ಅಲ್ಲಿ ಒಂದು ಮೊಳ ಹೂವೂ ಇರಲಿಲ್ಲ. ಹೋಗಲಿ.

ಹೆಡ್‌ಮೇಷ್ಟ್ರು ಎದ್ದು ನಿಂತರು. ಗೆಳೆಯರೇ, ಈ ಮನುಷ್ಯ ಕೆಟ್ಟವರಲ್ಲ ಅಂತ ಮೊದಲೇ ಹೇಳಿಬಿಡುತ್ತೇವೆ. ಹತ್ತನೇ ತರಗತಿಯಲ್ಲಿ ಸಂಜೆ ಏಳರ ತನಕ ಸ್ಪೆಷಲ್ ಕ್ಲಾಸು ಮಾಡಿದರು. ಹಸಿದು ಕೂತವರಿಗೆ ತಮ್ಮ ಮನೆಯಿಂದ ಅವಲಕ್ಕಿ ತರಿಸಿ ಕೊಟ್ಟರು. ಬಸ್ಸು ತಪ್ಪಿದ ದಿನ ನಮ್ಮಲ್ಲೊಬ್ಬನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪರೀಕ್ಷೆಯ ಹಾಲಿಗೆ ಮುಟ್ಟಿಸಿದವರೂ ಇವರೇ. ಅದನ್ನು ಮರೆತರೆ ನಮ್ಮ ನಾಲಿಗೆ ಸೇದಿಹೋಗುತ್ತದೆ.

ವಿದ್ಯಾರ್ಥಿಯ ಗೆಲುವೇ ಗುರುವಿನ ಗೆಲುವು ಅಂದರು. ಇಷ್ಟು ವರ್ಷ ಪಾಠ ಮಾಡಿ ಕಂಡುಕೊಂಡದ್ದು ಇದೊಂದೇ, ಓದುವ ಮನಸ್ಸಿದ್ದರೆ ಬಡತನ ಅಡ್ಡ ಬರುವುದಿಲ್ಲ ಅಂದರು. ಆಮೇಲೆ ನಮ್ಮ ಕಡೆ ಕೈ ಮಾಡಿ, "ಶಾಲೆಗೆ ಮೊದಲ ಸಲ ನೂರಕ್ಕೆ ನೂರು ಫಲಿತಾಂಶ ಬಂದಿದ್ದು ಇವರ ಬ್ಯಾಚಿನಲ್ಲಿ" ಅಂದರು. ಚಪ್ಪಾಳೆ ಬಿತ್ತು. ನಮ್ಮ ಕೊರಳಲ್ಲಿ ಹಾರ ಇತ್ತು. ಹಾರದ ಕೆಳಗೆ ಎದೆ ಧಸಕ್ಕೆಂದಿತು.

ಯಾಕೆಂದರೆ ಆ ನೂರು ಹೇಗೆ ಬಂತು ಅನ್ನುವುದು ನಮಗೆ ಗೊತ್ತು.

2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕಬಾರದು ಅನ್ನುತ್ತದೆ. ಒಂಬತ್ತಕ್ಕೆ ಕಾಲಿಟ್ಟರೆ ಆ ಕೊಡೆ ಮುಗಿಯಿತು. ಎಸ್ಸೆಸ್ಸೆಲ್ಸಿ ಹತ್ತರಲ್ಲಿ. ಹತ್ತರಲ್ಲಿ ಬೀಳುವಂತೆ ಕಾಣುವವರನ್ನು ಒಂಬತ್ತರಲ್ಲೇ ಜರಡಿ ಹಿಡಿದರೆ, ಹತ್ತರಲ್ಲಿ ಕೂತವರೆಲ್ಲ ಪಾಸು. ಇದಕ್ಕೆ ಯಾರನ್ನೂ ಬೈಯಬೇಕಾಗಿಲ್ಲ, ಹೊಡೆಯಬೇಕಾಗಿಲ್ಲ. ತಾಯಿ ತಂದೆಯರನ್ನು ಕರೆಸಿ, ಕುರ್ಚಿ ತೋರಿಸಿ, ಮೆತ್ತಗೆ ಮಾತಾಡಿದರೆ ಸಾಕು.

ನಮ್ಮ ಜತೆ ಒಬ್ಬಳಿದ್ದಳು. ತಮಟೆಯವರ ಮಗಳು. ಸೋಬಾನೆ ಎತ್ತಿದರೆ ಮುದುಕಿಯರು ಬಾಯಿ ಮುಚ್ಚಿ ಕೇಳುತ್ತಿದ್ದರು. ಕೂತಲ್ಲೇ ಪದ ಕಟ್ಟುತ್ತಿದ್ದಳು. ನಮ್ಮಲ್ಲಿ ಪದ್ಯ ಬರೆಯುವವನ ಮೊದಲ ಪದ್ಯದಲ್ಲಿ ಎರಡು ಸಾಲು ಅವಳವು. ಕೇಳದೇ ತಗೊಂಡದ್ದು. ಗಣಿತ ಮಾತ್ರ ಅವಳಿಗೆ ಹತ್ತುತ್ತಿರಲಿಲ್ಲ. ರಾಗಿ ಕೊಯ್ಲು ಬಂದರೆ ಎರಡು ವಾರ, ಹುಣಸೆ ಬಂದರೆ ಮೂರು ವಾರ ಹಾಜರಾತಿ ಪುಸ್ತಕದಲ್ಲಿ ಅವಳ ಮುಂದೆ ಸಾಲು ಸಾಲು ಸೊನ್ನೆ. ಒಂಬತ್ತು ಮುಗಿಯುವಾಗ ಅವಳವ್ವನನ್ನು ಕರೆಸಿದರು. "ಮಗೂಗೆ ಇಲ್ಲಿ ಕಷ್ಟ ಆಗ್ತಿದೆಯಮ್ಮಾ, ಟೀಸಿ ತಗೊಂಡು ಬೇರೆ ಕಡೆ ಸೇರ್ಸಿ, ಒಳ್ಳೇದಾಗುತ್ತೆ." ಆ ತಾಯಿಯನ್ನು ಅದೇ ಮೊದಲ ಸಲ ಒಬ್ಬರು ಮೇಷ್ಟ್ರು ಕೂರಿಸಿ ಮಾತಾಡಿಸಿದ್ದು. ಅದೇ ಸಂತೋಷದಲ್ಲಿ ಹೆಬ್ಬೆಟ್ಟು ಒತ್ತಿ ಬಂದಳು.

ನಾವು ಏನು ಮಾಡಿದೆವು? ಹತ್ತಕ್ಕೆ ಹೋದೆವು. ಪಾಸಾದೆವು. ನೂರಕ್ಕೆ ನೂರರ ಗ್ರೂಪ್ ಫೋಟೋದಲ್ಲಿ ಹಲ್ಲು ಕಿರಿದು ನಿಂತೆವು. ಒಬ್ಬಳು ಕಮ್ಮಿ ಇದ್ದಾಳೆ ಅಂತ ಆ ದಿನ ನಾವೂ ಬಾಯಿ ಬಿಡಲಿಲ್ಲ.

ಎರಡು ಮಾತಾಡಿ ಅಂತ ಮೈಕನ್ನು ಪದ್ಯದವನ ಕೈಗೆ ಕೊಟ್ಟರು. ಕೃತಜ್ಞತೆಯ ಭಾಷಣ ನಿರೀಕ್ಷೆ ಮಾಡಿದ್ದರು. ಅವಲಕ್ಕಿಯ ಮಾತು ಹೇಳಿದೆವು, ಸ್ಕೂಟರಿನ ಮಾತು ಹೇಳಿದೆವು. ಆಮೇಲೆ ಇನ್ನೊಬ್ಬ ವಿದ್ಯಾರ್ಥಿಯ ಮಾತು ಹೇಳಿದೆವು. ಅವನು ಸಾತಾರಾದ ಶಾಲೆಗೆ ಮನೆಯಿಂದ ಗೋಣಿತಟ್ಟು ಒಯ್ದು ಅದರ ಮೇಲೆ ಕೂರುತ್ತಿದ್ದ. ಬಾಯಾರಿದರೆ ಜವಾನ ಬಂದು ನೀರು ಎತ್ತಿ ಹೊಯ್ಯಬೇಕು, ಜವಾನ ಇಲ್ಲದ ದಿನ ನೀರೂ ಇಲ್ಲ. 1907ರಲ್ಲಿ ಮುಂಬಯಿಯಲ್ಲಿ ಮೆಟ್ರಿಕ್ ಪಾಸಾದ. 750ಕ್ಕೆ 282. ನೂರಕ್ಕೆ ಮೂವತ್ತೇಳು ಚಿಲ್ಲರೆ. ಅಷ್ಟು ಅಂಕಕ್ಕೇ ಜನ ಸೇರಿ ಸಭೆ ಮಾಡಿದರು. ಎಸ್.ಕೆ. ಬೋಲೆ ಅಧ್ಯಕ್ಷರು. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅನ್ನುವ ಮೇಷ್ಟ್ರು ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿಟ್ಟರು. ಅದೂ ಒಂದು ಪ್ರತಿಭಾ ಪುರಸ್ಕಾರ. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರ ಜತೆ ಬೌದ್ಧನಾದದ್ದು ಅದೇ ಹುಡುಗ. ಹೆಸರು ಭೀಮರಾವ್.

"ಅವರು ನಮ್ಮ ಈ ಶಾಲೆಯಲ್ಲಿ ಓದಿದ್ದರೆ, ಒಂಬತ್ತರಲ್ಲೇ ಅವರಪ್ಪ ರಾಮ್‌ಜಿ ಸಕ್ಪಾಲರನ್ನು ಕರೆಸುತ್ತಿದ್ದೆವೇನೋ ಸಾರ್" ಅಂದೆವು.

ಬಯಲಿನಲ್ಲಿ ಹಿಂದಿನ ಸಾಲುಗಳಲ್ಲಿ ಯಾರೋ ಶಿಳ್ಳೆ ಹೊಡೆದರು. ಮುಂದಿನ ಸಾಲು ಗಡಿಯಾರ ನೋಡಿಕೊಂಡಿತು. ನಿರೂಪಕಿ ಬೇಗ ಬೇಗ ಮುಂದಿನ ನೃತ್ಯ ಕರೆದಳು.

ಹೆಡ್‌ಮೇಷ್ಟ್ರು ಸಿಟ್ಟಾಗಲಿಲ್ಲ. ಊಟದ ಸಾಲಿನಲ್ಲಿ ಹತ್ತಿರ ಬಂದು, "ನೀವು ಅಂದದ್ದು ಸುಳ್ಳಲ್ಲ ಕಣ್ರಪ್ಪಾ. ಫಲಿತಾಂಶ ಇಳಿದರೆ ಮೇಲಿಂದ ನೋಟೀಸು ಬರುತ್ತೆ. ಯಾರನ್ನ ಉಳಿಸ್ಕೊಂಡ್ರಿ ಅಂತ ಒಬ್ಬ ಸಾಹೇಬನೂ ಕೇಳಲ್ಲ" ಅಂದರು. ಅವರ ತಟ್ಟೆಯಲ್ಲಿ ಲಾಡು ಹಾಗೇ ಇತ್ತು. ನಮಗೂ ಸೇರಲಿಲ್ಲ.

ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡು ಕೇರಿಗೆ ಬಂದೆವು. ಅವಳು ಜಗುಲಿಯ ಮೇಲೆ ಹುಣಸೆ ಬೀಜ ಬಿಡಿಸುತ್ತಿದ್ದಳು. ಮದುವೆಯಾಗಿ ಹೋಗಿ, ಗಂಡ ತೀರಿದ ಮೇಲೆ ಮಗು ಎತ್ತಿಕೊಂಡು ತವರಿಗೆ ಬಂದು ಎರಡು ವರ್ಷ.

"ಏನಂದ್ರು ಮೇಷ್ಟ್ರು? ನನ್ನ ಸುದ್ದಿ ಬಂತಾ?"

ಬಂತು ಅಂತಲೂ ಅನ್ನಲಾಗಲಿಲ್ಲ, ಇಲ್ಲ ಅಂತಲೂ ಅನ್ನಲಾಗಲಿಲ್ಲ. ಮೈಕಿನಲ್ಲಿ ಅಷ್ಟೆಲ್ಲ ಹೇಳಿದವರು ಅವಳ ಹೆಸರು ಹೇಳಿರಲಿಲ್ಲ.

"ಹೋಗ್ಲಿ ಬಿಡ್ರೋ. ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಬೋದಂತಲ್ಲ, ಅರ್ಜಿ ತುಂಬ್ಕೊಡಿ. ಪಾಸಾದ್ರೆ ಅಂಗನವಾಡಿಗೆ ಕೇಳ್ಬೋದು. ಗಣಿತ ಹೇಳ್ಕೊಡೋರು ಯಾರು, ಅದು ನೋಡಿ."

ಟೀಸಿ ಬೇಕಲ್ಲ ಅಂದೆವು. ಒಳಗೆ ಹೋಗಿ ಟ್ರಂಕಿನ ತಳದಿಂದ ತಂದಳು. ಇನ್ನೊಂದು ಹೈಸ್ಕೂಲು ಹನ್ನೆರಡು ಕಿಲೋಮೀಟರು, ಬಸ್ಸು ಬೆಳಗ್ಗೆ ಒಂದು ಸಂಜೆ ಒಂದು. ಆ ಕಾಗದವನ್ನು ಎಲ್ಲೂ ಕೊಟ್ಟೇ ಇರಲಿಲ್ಲ. ಮಡಿಕೆಯ ಗೆರೆಯಲ್ಲಿ ಹರಿದಿತ್ತು, ಅಕ್ಷರ ಮಾಸಿರಲಿಲ್ಲ. ಹೆಡ್‌ಮೇಷ್ಟ್ರದ್ದೇ ದುಂಡನೆಯ ಕೈಬರಹ. ನಡತೆ: ಉತ್ತಮ. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆಯ ಮೇರೆಗೆ.