ಸಾಲಿನಲ್ಲಿ ನಿಲ್ಲದವರು

ಮದುವೆಯ ಊಟ ಮುಗಿಸಿ ಮನೆಗೆ ಬಂದು ಚಪ್ಪಲಿ ಕಳಚುವಾಗ ನಮ್ಮವರು ಮೊದಲು ಆಡುವ ಮಾತು ಹೋಳಿಗೆಯದಲ್ಲ, ಬಾರದೆ ಹೋದವರದು. "ಹುಡುಗಿಯ ದೊಡ್ಡಪ್ಪ ಕಾಣಲೇ ಇಲ್ಲವಲ್ಲ!" ಎಂದು ಒಬ್ಬರು ತೆಗೆದರೆ ಸಾಕು, ಬಂದ ಮುನ್ನೂರು ಜನ ಮರೆತುಹೋಗುತ್ತಾರೆ. ಬಾರದ ಆ ಒಬ್ಬರ ಸುತ್ತಲೇ ಮಾತು ಮಲಗುವ ತನಕ ಗಿರಕಿ ಹೊಡೆಯುತ್ತದೆ. ಊರು ಬಿಟ್ಟು ಬಂದು ಮುಂಬಯಿಯಂಥ ಶಹರದಲ್ಲಿ ನೆಲೆಸಿದ ನಮ್ಮಂಥವರಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿ. ಇರುವುದೇ ನಾಲ್ಕು ಕನ್ನಡದ ಮನೆ. ಅದರಲ್ಲಿ ಒಂದು ಮನೆ ತಪ್ಪಿಸಿಕೊಂಡರೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಈ ಚಾಳಿ ನಮ್ಮದು ಮಾತ್ರವೆಂದು ನಾವು ತಿಳಿದಿದ್ದೆವು. ಆದರೆ ಇಡೀ ಅಮೆರಿಕವೇ ಒಮ್ಮೆ ಒಬ್ಬ ಹಾಡುಗಾರನ ಮೇಲೆ ಹೀಗೆ ಹಾಜರಿ ಪುಸ್ತಕ ಹಿಡಿದು ಕುಳಿತಿತ್ತೆಂದು ನಮಗೆ ಪೂರ್ತಿಯಾಗಿ ತಿಳಿದದ್ದು, 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ದಿ ಗ್ರೇಟೆಸ್ಟ್ ನೈಟ್ ಇನ್ ಪಾಪ್' ಎಂಬ ಸಾಕ್ಷ್ಯಚಿತ್ರವನ್ನು ಮಕ್ಕಳು ಹಾಕಿ ತೋರಿಸಿದಾಗ. ಚಿತ್ರ ಮುಗಿದ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರಿಗೂ ನೆನಪಾದದ್ದು ಒಬ್ಬರೇ. ಆದರೆ ಮೊದಲು ಅಮೆರಿಕದ ಕಥೆ ಹೇಳುತ್ತೇವೆ.

1983ರಿಂದ 1985ರವರೆಗೆ ಇಥಿಯೋಪಿಯದಲ್ಲಿ ಘೋರ ಕ್ಷಾಮ. ಮಳೆ ಕೈಕೊಟ್ಟಿತ್ತು, ಅಂತರ್ಯುದ್ಧವೂ ನಡೆದಿತ್ತು. ಲಕ್ಷಾಂತರ ಜನ ಸತ್ತರು. 1984ರ ಅಕ್ಟೋಬರಿನಲ್ಲಿ ಬಿ.ಬಿ.ಸಿ. ತೋರಿಸಿದ ಚಿತ್ರಗಳನ್ನು ಕಂಡು ಲಂಡನ್ನಿನ ಹಾಡುಗಾರರು ಬಾಬ್ ಗೆಲ್ಡಾಫ್ ಮುಂದಾಳಾಗಿ ಒಂದು ಹಾಡು ಮುದ್ರಿಸಿ ಹಣ ಕೂಡಿಸಿದರು. ಅಮೆರಿಕದಲ್ಲಿಯೂ ಅಂಥದೊಂದು ಆಗಬೇಕೆಂದು ಹಿರಿಯ ಗಾಯಕ ಹ್ಯಾರಿ ಬೆಲಫಾಂಟೆ ಹೊರಟರು. ಮೈಕೆಲ್ ಜಾಕ್ಸನ್ ಮತ್ತು ಲಯೊನೆಲ್ ರಿಚಿ ಕೂಡಿ 'ವಿ ಆರ್ ದಿ ವರ್ಲ್ಡ್' ಬರೆದರು. ಹಾಡಿಸುವ ಹೊಣೆ ಕ್ವಿನ್ಸಿ ಜೋನ್ಸ್ ಅವರದು.

ಇಷ್ಟು ಜನ ತಾರೆಯರನ್ನು ಒಂದು ಕಡೆ ಸೇರಿಸುವುದು ಹೇಗೆ? ಒಂದೇ ಉಪಾಯವಿತ್ತು. 1985ರ ಜನವರಿ 28ರಂದು ಲಾಸ್ ಏಂಜಲೀಸ್‌ನಲ್ಲಿ ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್ ಸಮಾರಂಭ. ಹೇಗೂ ಬಹಳ ಮಂದಿ ಊರಿನಲ್ಲಿರುತ್ತಾರೆ; ಸಮಾರಂಭ ಮುಗಿಯುತ್ತಲೇ ಹಾಲಿವುಡ್ಡಿನ ಎ ಅಂಡ್ ಎಂ ಸ್ಟುಡಿಯೋಗೆ ಬಂದುಬಿಡಲಿ ಎಂದು ಗೊತ್ತಾಯಿತು. ಅಹಂಕಾರವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬನ್ನಿ ಎಂಬ ಅರ್ಥದ ಒಂದು ಚೀಟಿಯನ್ನು ಕ್ವಿನ್ಸಿ ಜೋನ್ಸ್ ಅಲ್ಲಿ ಅಂಟಿಸಿದ್ದರು. ನಲವತ್ತಕ್ಕೂ ಮಿಕ್ಕಿ ಹಾಡುಗಾರರು ಬಂದರು. ರೇ ಚಾರ್ಲ್ಸ್, ಸ್ಟೀವಿ ವಂಡರ್, ಡಯಾನಾ ರಾಸ್, ಟೀನಾ ಟರ್ನರ್, ಬಾಬ್ ಡಿಲನ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್... ಶಾಲೆಯ ಗುಂಪು ಫೋಟೋಕ್ಕೆ ನಿಂತ ಮಕ್ಕಳಂತೆ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತರು. ಬೆಳಗಾಗುವವರೆಗೆ ಹಾಡಿದರು.

ಬಾರದೆ ಹೋದವನು ಪ್ರಿನ್ಸ್.

ಆಗ ಆತನಿಗೆ ಇಪ್ಪತ್ತಾರು ವರ್ಷ. 1984ರಲ್ಲಿ ಬಂದ 'ಪರ್ಪಲ್ ರೇನ್' ಚಿತ್ರ ಮತ್ತು ಅದರ ಹಾಡುಗಳಿಂದ ಕೀರ್ತಿಯ ತುತ್ತತುದಿಯಲ್ಲಿದ್ದ. ಆ ರಾತ್ರಿಯ ಸಮಾರಂಭದಲ್ಲಿ ಮೂರು ಪ್ರಶಸ್ತಿ ಪಡೆದಿದ್ದ. ಮೈಕೆಲ್ ಜಾಕ್ಸನ್ನನಿಗೂ ಆತನಿಗೂ ಪೈಪೋಟಿ ಇದೆಯೆಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ. ಇಬ್ಬರೂ ಅಕ್ಕಪಕ್ಕ ನಿಂತು ಹಾಡಿದರೆ ಅದರ ಸೊಗಸೇ ಬೇರೆ ಎಂದು ಎಲ್ಲರಿಗೂ ಆಸೆ. ಹಾಡಿನ ಒಂದು ಸಾಲನ್ನು ಆತನಿಗೆಂದೇ ಇರಿಸಿದ್ದರು.

ಅಲ್ಲಿಗೆ ಶೀಲಾ ಇ. ಎಂಬ ತಾಳವಾದ್ಯಗಾರ್ತಿಯನ್ನೂ ಕರೆದಿದ್ದರು. ಆಕೆ ಪ್ರಿನ್ಸನ ಬಳಗದವಳು, ತಾನೇ ಹೆಸರು ಮಾಡಿದ ಹಾಡುಗಾರ್ತಿ. ತನಗೂ ಒಂದು ಸಾಲು ಸಿಗಬಹುದೆಂದು ಕಾದಳು. ಆದರೆ ಸುತ್ತಲಿನವರು ಹೊರಳಿ ಹೊರಳಿ ಕೇಳುತ್ತಿದ್ದುದು ಒಂದೇ: "ಪ್ರಿನ್ಸ್ ಬರುತ್ತಾನೆಯೇ?" ತನ್ನನ್ನು ಕರೆದದ್ದು ತನ್ನ ಹಾಡಿಗಾಗಿ ಅಲ್ಲ, ಗಾಳದ ತುದಿಯ ಎರೆಹುಳವಾಗಿ ಎಂದು ಆಕೆಗೆ ಅನ್ನಿಸಿತು. ಎದ್ದು ಹೊರಟುಹೋದಳು. ನಲವತ್ತು ವರ್ಷ ಹತ್ತಿರವಾದ ಮೇಲೆ ಆ ಚಿತ್ರದಲ್ಲಿ ಇದನ್ನು ಹೇಳುವಾಗಲೂ ಆಕೆಯ ನೋವು ಮಾಸಿರಲಿಲ್ಲ.

ಪ್ರಿನ್ಸ್ ಪೂರ್ತಿ ಇಲ್ಲವೆಂದದ್ದೇನೂ ಅಲ್ಲ. ಬೇರೆ ಕೋಣೆಯಲ್ಲಿ ಕುಳಿತು ಗಿಟಾರ್ ನುಡಿಸಿಕೊಡುತ್ತೇನೆ ಎಂದು ತಿಳಿಸಿದ. ಬೇಡ, ಎಲ್ಲರೂ ಒಂದೇ ಕೋಣೆಯಲ್ಲಿ ಕೂಡಿ ನಿಂತರೇ ಇದಕ್ಕೆ ಅರ್ಥ ಎಂದು ಇವರು ಹೇಳಿದರು. ಅಲ್ಲಿಗೆ ಮಾತು ನಿಂತಿತು. ಆತನ ಸಾಲು ಹ್ಯೂಯಿ ಲೂಯಿಸ್ ಎಂಬ ಗಾಯಕನ ಪಾಲಿಗೆ ಬಂತು. ಅಂಥವನ ಸಾಲನ್ನು ನಾನು ಹಾಡುವುದೇ ಎಂದು ಆತ ಗಡಗಡ ನಡುಗಿದನಂತೆ. ಆದರೆ ಚೆನ್ನಾಗಿಯೇ ಹಾಡಿದ.

ಅದೇ ರಾತ್ರಿ ಪ್ರಿನ್ಸ್ ಒಂದು ಕ್ಲಬ್ಬಿಗೆ ಹೋಗಿದ್ದ. ಹೊರಬರುವಾಗ ಛಾಯಾಗ್ರಾಹಕರಿಗೂ ಅವನ ಅಂಗರಕ್ಷಕರಿಗೂ ಜಟಾಪಟಿಯಾಗಿ ಪೊಲೀಸರು ಅಂಗರಕ್ಷಕರನ್ನು ಹಿಡಿದೊಯ್ದರು. ಇನ್ನೇನು ಬೇಕು? ಒಂದು ಕಡೆ ಹಸಿದ ಮಕ್ಕಳಿಗಾಗಿ ನಾಡಿನ ಗಾಯಕರೆಲ್ಲ ನಿದ್ದೆಗೆಟ್ಟು ಹಾಡುತ್ತಿದ್ದರೆ ಇನ್ನೊಂದು ಕಡೆ ಇವನ ಮೋಜು! ಪತ್ರಿಕೆಗಳು ಬಿಡಲಿಲ್ಲ. ಟೆಲಿವಿಷನ್ನಿನ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಪ್ರಿನ್ಸನ ವೇಷ ಹಾಕಿದ ನಟನೊಬ್ಬ, ಜೊತೆಗೆ ಹಾಡಲು ಬಂದವರನ್ನೆಲ್ಲ ಅಂಗರಕ್ಷಕರಿಂದ ದಬ್ಬಿಸಿ ತಾನೊಬ್ಬನೇ ಹಾಡುವ ಅಣಕವಾಯಿತು. ನಾಡೆಲ್ಲ ನಕ್ಕಿತು.

ಸತ್ಯವನ್ನೇ ಹೇಳುವುದಾದರೆ, ಚಿತ್ರವನ್ನು ಅರ್ಧ ನೋಡುವವರೆಗೆ ನಾವೂ ಪತ್ರಿಕೆಗಳ ಪಕ್ಷವೇ. "ಎಷ್ಟು ದೊಡ್ಡವನಾದರೇನು, ಒಂದು ರಾತ್ರಿ ನಿಲ್ಲಲಾರನೇ?" ಎಂದೆವು. ಬಾಬ್ ಡಿಲನ್ನರನ್ನೇ ನೋಡಿ. ಆ ಗುಂಪಿನಲ್ಲಿ ಅವರಿಗೆ ಎಷ್ಟು ಇರಿಸುಮುರಿಸಾಗುತ್ತಿತ್ತೆಂಬುದು ಅವರ ಮುಖದಲ್ಲೇ ಕಾಣುತ್ತದೆ. ತಮ್ಮ ಸಾಲನ್ನು ಹೇಗೆ ಹಾಡಬೇಕೆಂದೇ ಹೊಳೆಯದೆ ನಿಂತರು. ಸ್ಟೀವಿ ವಂಡರ್ ಪಿಯಾನೋ ಮುಂದೆ ಕುಳಿತು, ಡಿಲನ್ನರ ದನಿಯನ್ನೇ ಅನುಕರಿಸಿ ಡಿಲನ್ನರಿಗೇ ತೋರಿಸಿಕೊಟ್ಟ ಮೇಲೆ ದಾರಿ ಸಿಕ್ಕಿತು. ಅಷ್ಟು ಕಷ್ಟಪಟ್ಟೂ ಅವರು ಹೊರಟುಹೋಗಲಿಲ್ಲ. ಹಣ ಕೊಡುವುದು ಒಂದು ದಾನವಾದರೆ, ಮೈಗೆ ಒಗ್ಗದ ಕಡೆ ಹತ್ತು ಜನರ ಜೊತೆ ಹನ್ನೊಂದನೆಯವರಾಗಿ ನಿಲ್ಲುವುದೂ ಒಂದು ದಾನವೇ. ಈ ಮಾತನ್ನು ನಾವು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಕಥೆ ಆ ರಾತ್ರಿಗೇ ಮುಗಿಯುವುದಿಲ್ಲ. ಆ ಹಾಡಿನ ಹೆಸರಿನಲ್ಲೇ 1985ರ ಏಪ್ರಿಲ್‌ನಲ್ಲಿ ಒಂದು ಆಲ್ಬಮ್ ಬಂತು. ಅದರಲ್ಲಿ ಬೇರೆ ಬೇರೆ ಕಲಾವಿದರು ಕೊಟ್ಟ ಹಾಡುಗಳಿದ್ದವು. ಪ್ರಿನ್ಸ್ ಹೊಸದಾಗಿ ಒಂದು ಹಾಡು ಮಾಡಿ ಅದಕ್ಕೆ ಕೊಟ್ಟಿದ್ದ. ಜುಲೈ 13ರ 'ಲೈವ್ ಏಡ್' ಮಹಾಕಾರ್ಯಕ್ರಮಕ್ಕೂ ಆತ ಬರಲಿಲ್ಲ. ಅದೇ ಹಾಡನ್ನು ಹಾಡಿದ ವಿಡಿಯೋ ಕಳಿಸಿದ. ಅದೇ ವರ್ಷ ತನ್ನ ಇನ್ನೊಂದು ಧ್ವನಿಮುದ್ರಿಕೆಯ ಹಿಂಬದಿಯಲ್ಲಿ, ತಾನೇಕೆ ಬರಲಿಲ್ಲ, ಏನು ಕೊಡಲು ಮುಂದಾಗಿದ್ದೆ ಎಂಬುದನ್ನೇ ಹಾಡು ಮಾಡಿ ಹೇಳಿಕೊಂಡ. ಹಿಂಬದಿಯ ಹಾಡನ್ನು ಯಾರು ಗಮನವಿಟ್ಟು ಕೇಳುತ್ತಾರೆ? ಆತ ಬರಲಿಲ್ಲವೆಂಬುದು ಊರಿಗೆಲ್ಲ ಗೊತ್ತು; ಏನು ಕೊಟ್ಟನೆಂಬುದು ಗೊತ್ತಿರುವವರು ಕೆಲವರೇ.

ಆತನ ಸ್ವಭಾವವನ್ನೂ ನೆನೆಯಬೇಕು. 1978ರ ಮೊದಲ ಆಲ್ಬಮ್ಮಿನಲ್ಲೇ ಹಾಡಿದ್ದು, ವಾದ್ಯಗಳನ್ನೆಲ್ಲ ನುಡಿಸಿದ್ದು ಆತನೊಬ್ಬನೇ. ಬಾಗಿಲು ಹಾಕಿಕೊಂಡು ಒಂಟಿಯಾಗಿ ಸಂಗೀತ ಮಾಡುವ ಜೀವ ಅದು. ಸಾವಿರಾರು ಜನರೆದುರು ವೇದಿಕೆಯ ಮೇಲೆ ಕುಣಿಯುವವನಿಗೆ ನಲವತ್ತು ಜನ ಸರೀಕರ ನಡುವೆ ನಿಲ್ಲಲು ಸಂಕೋಚವೇ ಎಂದು ನಗುವುದು ಸುಲಭ. ಆದರೆ ನಮ್ಮ ನಡುವೆಯೇ ಅಂಥವರಿಲ್ಲವೇ? ಆತ 2016ರ ಏಪ್ರಿಲ್ 21ರಂದು ತೀರಿಕೊಂಡ ಮೇಲೆ, ಎಷ್ಟೋ ಸತ್ಕಾರ್ಯಗಳಿಗೆ ತನ್ನ ಹೆಸರು ಬಾರದಂತೆ ಹಣ ಕೊಟ್ಟಿದ್ದನೆಂದು ಅವನ ಗೆಳೆಯರು ಹೊರಗೆ ಹೇಳಿದರು. ಇದರಿಂದ ಆ ರಾತ್ರಿಯ ಗೈರುಹಾಜರಿ ಹಾಜರಿ ಆಗುವುದಿಲ್ಲ. ಆದರೆ ಗೈರುಹಾಜರಿಯನ್ನು ಕಂಡು ಮನಸ್ಸಿನ ಅಳತೆ ಹೇಳುವವರ ಬಾಯಿ ಕಟ್ಟುತ್ತದೆ.

ನಮ್ಮ ಬಾಯಿ ಕಟ್ಟಿದ್ದು ಅದಕ್ಕೇ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿಯ ಸುತ್ತ ಭೂಕಂಪವಾಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಬೀದರ, ಗುಲಬರ್ಗಾದ ಕಡೆಗೂ ನೆಲ ನಡುಗಿತ್ತು. ಆ ಕಡೆ ಬಂಧುಗಳಿದ್ದವರು ನಮ್ಮಲ್ಲಿ ಅನೇಕರು. ನಾವಿಬ್ಬರೂ ಆಗ ನಮ್ಮ ಉಪನಗರದಲ್ಲಿ ಒಂದು ಸಣ್ಣ ಗಾಯನ ತಂಡ ನಡೆಸುತ್ತಿದ್ದೆವು. ಶಾಲೆಯೊಂದರ ಸಭಾಗೃಹದಲ್ಲಿ ಸಹಾಯಾರ್ಥ ಕಾರ್ಯಕ್ರಮ ಇಟ್ಟುಕೊಂಡು, ಬಡಾವಣೆಯ ಕನ್ನಡಿಗರೆಲ್ಲ ಒಟ್ಟಿಗೆ ನಿಂತು ಹಾಡುವುದೆಂದು ಗೊತ್ತುಮಾಡಿದೆವು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುವವರು ಧಾರವಾಡದ ಕಡೆಯ ಒಬ್ಬ ರಾಯರು. ಮನೆಯಲ್ಲಿ ಒಬ್ಬರೇ ಕುಳಿತು ಹಾಡಿಕೊಳ್ಳುವಾಗ ಮೆಟ್ಟಿಲ ಮೇಲೆ ಹೋಗುವವರು ನಿಂತು ಕೇಳುತ್ತಿದ್ದರು. ಕೇಳಲು ಹೋದಾಗ ಅವರು ಹೇಳಿದ್ದಿಷ್ಟು: "ಸಾಲಿನ್ಯಾಗ ನಿಂತು ಹಾಡೂದು ನನಗ ಆಗೂದಿಲ್ರಿ. ಬೇಕಾದ್ರ ಹಿಂದ ಪರದೆ ಮರಿಗೆ ಕೂತು ಪೇಟಿ ಬಾರಸ್ತೀನಿ."

ನಾವು ನಕ್ಕುಬಿಟ್ಟೆವು. ಇದೇನು ಪರದೆಯ ಮರೆ, ನವವಧುವಿನ ಹಾಗೆ! ಎಲ್ಲರೂ ಕೂಡಿ ನಿಲ್ಲುವುದೇ ಮುಖ್ಯ, ಬಂದರೆ ಎದುರಿಗೆ ಬನ್ನಿ, ಇಲ್ಲವಾದರೆ ಬೇಡ ಎಂದೆವು. ಆಮೇಲೆ ಅವರನ್ನು ಬಿಟ್ಟು ಅವರ ಮನೆಯವರ ಬೆನ್ನು ಹತ್ತಿದೆವು. "ವೈನಿ, ನೀವಾದರೂ ಹೇಳಿ ನೋಡಿರಿ" ಎಂದು ದಿನಕ್ಕೊಮ್ಮೆ ಫೋನು. ತಾಲೀಮಿಗೆ ಅವರನ್ನು ಕರೆದು ಮುಂದಿನ ಸಾಲಿನಲ್ಲಿ ನಿಲ್ಲಿಸಿದೆವು. ಅವರ ಕಂಠವೂ ಚೆನ್ನಾಗಿತ್ತು. ಆದರೆ ಒಂದು ದಿನವೂ ನಾವು ಅದನ್ನು ಹೇಳಲಿಲ್ಲ. ಬಂದ ಕೂಡಲೇ ಕೇಳುತ್ತಿದ್ದುದು "ರಾಯರು ಏನಂದರು?" ಎಂದೇ. ಮೂರನೆಯ ತಾಲೀಮಿನಿಂದ ವೈನಿಯೂ ಬರುವುದನ್ನು ಬಿಟ್ಟರು. ಆಗ ನಮಗೆ ಸಿಟ್ಟು ಬಂದಿತ್ತು. ಏಕೆ ಬಿಟ್ಟರೆಂಬುದು ತಿಳಿಯಲು ಶೀಲಾ ಇ. ಅವರ ಮುಖವನ್ನು ಟಿ.ವಿ.ಯಲ್ಲಿ ನೋಡಬೇಕಾಯಿತು.

ಕಾರ್ಯಕ್ರಮ ಚೆನ್ನಾಗಿ ನಡೆಯಿತು, ಹಣವೂ ಕೂಡಿತು. ಅದಾದ ಮೇಲೆ ಎಷ್ಟೋ ತಿಂಗಳು ರಾಯರ ವಿಷಯ ನಮ್ಮವರ ಬಾಯಿಗೆ ಅವಲಕ್ಕಿಯಾಯಿತು. "ಸತ್ತವರಿಗೆ ಮರುಗದವರ ಸಂಗೀತ ಎಂಥದ್ದು?" ಎಂದ ಮಾತು ಯಾರದೋ ಮೂಲಕ ಅವರಿಗೂ ಮುಟ್ಟಿತು. ಆ ಮಾತು ಮೊದಲು ಹೊರಟದ್ದು ನಮ್ಮ ಮನೆಯಿಂದಲೇ ಎಂದು ಇಂದು ಒಪ್ಪಿಕೊಳ್ಳುತ್ತೇವೆ. ದಾರಿಯಲ್ಲಿ ಕಂಡರೆ ಅವರು ನಮಸ್ಕಾರ ಮಾಡುತ್ತಿದ್ದರು. ಆದರೆ ನಮ್ಮ ಮನೆಗೆ ಮತ್ತೆ ಬರಲಿಲ್ಲ. ನಿವೃತ್ತರಾದ ಮೇಲೆ ಊರ ಕಡೆ ಹೊರಟುಹೋದರು.

ಚಿತ್ರ ನೋಡಿದ ಮರುದಿನ ಅಟ್ಟದ ಮೇಲಿನ ಟ್ರಂಕಿನಿಂದ ಆ ಕಾರ್ಯಕ್ರಮದ ಕಡತ ತೆಗೆದೆವು. ಮೊದಲ ಪುಟದಲ್ಲಿ ಹಾಡಿದ ಮೂವತ್ತೆರಡು ಜನರ ಹೆಸರು. ಹೂ ತಂದವರಿಗೆ, ಕುರ್ಚಿ ಹಾಕಿದವರಿಗೆ, ಚಹ ಕೊಟ್ಟವರಿಗೆ ವಂದನೆ. ಕೊನೆಯ ಹಾಳೆಯಲ್ಲಿ ನಮ್ಮದೇ ಅಕ್ಷರದ ಖರ್ಚಿನ ಪಟ್ಟಿ: ಸಭಾಗೃಹ, ಮೈಕ್ ಸೆಟ್, ತಬಲಾದವರ ಟ್ಯಾಕ್ಸಿ. ಅದರ ಕೆಳಗೆ ಒಂದು ಸಾಲು: "ಪೇಟಿ — ರಾಯರ ಮನೆಯದು. ಬಾಡಿಗೆ ಇಲ್ಲ."

ಓದಿದ ಮೇಲೆ ಒಂದೊಂದಾಗಿ ಎಲ್ಲವೂ ನೆನಪಾಯಿತು. ಆ ದಿನ ಸಂಜೆ, ಬಾಡಿಗೆಗೆ ತರಿಸಿದ ಪೇಟಿಯ ತಿದಿ ಕೈಕೊಟ್ಟು ನಾವು ಒದ್ದಾಡುತ್ತಿದ್ದಾಗ ರಾಯರ ಮಗ ರಿಕ್ಷಾದಲ್ಲಿ ಪೇಟಿ ಹೊತ್ತು ತಂದಿದ್ದ. ಅಂದು ಮೂವತ್ತೆರಡು ಜನರನ್ನು ಒಂದೇ ಶ್ರುತಿಯಲ್ಲಿ ಹಿಡಿದು ನಿಲ್ಲಿಸಿದ್ದು ಆ ಪೇಟಿ. ನುಡಿಸಿದವರು ಬೇರೆ, ವಂದನೆ ಪಡೆದವರು ಬೇರೆ. ಪೇಟಿಯನ್ನು ಮರುದಿನ ಹುಡುಗನ ಕೈಯಲ್ಲೇ ಹಿಂದಕ್ಕೆ ಕಳಿಸಿದೆವು. ಒಂದು ಮಾತನ್ನೂ ಜೊತೆಗೆ ಕಳಿಸಲಿಲ್ಲ.

ಅವರೇಕೆ ಸಾಲಿನಲ್ಲಿ ನಿಲ್ಲಲಿಲ್ಲವೆಂದು ನಮಗೆ ಇಂದಿಗೂ ಗೊತ್ತಿಲ್ಲ. ಬನ್ನಿ ಎಂದು ಹತ್ತು ಸಲ ಹೇಳಿದೆವೇ ಹೊರತು, ಏಕೆ ಆಗುವುದಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಈಗ ಕೇಳಲು ನಮಗೆ ಅಧಿಕಾರವೂ ಉಳಿದಿಲ್ಲ. ಈ ಮಾಸಿಕ ಊರಿಗೆ ಮರಳಿದ ಕೆಲವು ಹಳೆಯ ಸದಸ್ಯರ ಮನೆಗೂ ಅಂಚೆಯಲ್ಲಿ ಹೋಗುತ್ತದೆ. ರಾಯರ ಮನೆಗೂ ಹೋಗುತ್ತಿರಬಹುದು ಎಂಬ ಆಸೆಯಿಂದ, ಅಂದಿನ ಕಾರ್ಯಕ್ರಮದ ವಂದನಾರ್ಪಣೆಯಲ್ಲಿ ಬಿಟ್ಟುಹೋದ ಎರಡು ಸಾಲುಗಳನ್ನು ಮೂವತ್ತು ವರ್ಷ ತಡವಾಗಿ ಇಲ್ಲಿ ಸೇರಿಸುತ್ತಿದ್ದೇವೆ:

ಮುಂದಿನ ಸಾಲಿನಲ್ಲಿ ನಿಂತು ಎರಡು ತಾಲೀಮಿನಲ್ಲಿ ಚೆನ್ನಾಗಿ ಹಾಡಿದ ವೈನಿಯವರಿಗೆ ವಂದನೆಗಳು.

ಪೇಟಿ ಕೊಟ್ಟ ರಾಯರಿಗೆ ವಂದನೆಗಳು.