ಸಾರಿ ಕೇಳೋದು ಒಬ್ರು, ಕೆಲಸ ಹೋಗೋದು ಇನ್ನೊಬ್ರಿಗೆ | ಸಿಟ್‌ಕಾಮ್ ನೋಡೋ ಬಿಕಾಂ, ಭಾಗ 4

ಇಂಟರ್ನಲ್ಸ್ ಮುಗೀತು, ಸೀರೀಸ್ ಮುಂದುವರಿಸೋಣ.

ಈ ಸಲ ಅಮೆರಿಕದ ‘ದಿ ಆಫೀಸ್’. ಮೂರನೇ ಸೀಸನ್, 2007ರಲ್ಲಿ ಬಂದ ‘ಪ್ರಾಡಕ್ಟ್ ರೀಕಾಲ್’ ಎಪಿಸೋಡ್. ಜಿಮ್ ಥೇಟ್ ಡ್ವೈಟ್ ಥರ ಡ್ರೆಸ್ ಮಾಡ್ಕೊಂಡು ಬರೋ ಓಪನಿಂಗ್ ರೀಲ್ಸ್‌ನಲ್ಲಿ ನೋಡೇ ಇರ್ತೀರ. ಅದಾದ್ಮೇಲಿನ ಇಪ್ಪತ್ತು ನಿಮಿಷದ ಬಗ್ಗೆ ಯಾರೂ ಮಾತಾಡಲ್ಲ!

ಕತೆ ಇಷ್ಟೇ. ಕಾಗದ ಮಾರೋ ಕಂಪನಿ. ಮಿಲ್‌ನಲ್ಲಿ ಯಾರೋ ಕೋಪಕ್ಕೆ ವಾಟರ್‌ಮಾರ್ಕ್ ಜಾಗದಲ್ಲಿ ಬಾತುಕೋಳಿ, ಇಲಿಯ ಅಶ್ಲೀಲ ಕಾರ್ಟೂನ್ ಹಾಕಿಬಿಟ್ಟಿದ್ದಾರೆ. 500 ಬಾಕ್ಸ್ ಗ್ರಾಹಕರ ಕೈ ಸೇರಿದೆ. ಒಂದು ಹೈಸ್ಕೂಲಿನ ಪ್ರಾಮ್ ಪಾರ್ಟಿಯ ಆಹ್ವಾನ ಪತ್ರಿಕೆಯೂ ಅದರಲ್ಲೇ ಪ್ರಿಂಟ್ ಆಗಿದೆ. ಮ್ಯಾನೇಜರ್ ಮೈಕಲ್ ಪ್ರೆಸ್‌ಮೀಟ್ ಕರೀತಾನೆ. ಬರೋದು ಒಬ್ಬನೇ ವರದಿಗಾರ, ಅವನೂ ನಿಧನವಾರ್ತೆ ಬರೆಯೋನು. ಹಳೇ ಗ್ರಾಹಕಿ ಒಬ್ಬರನ್ನ ಕೂರಿಸಿ, ಉಚಿತ ಕಾಗದ ಕೊಡ್ತೀವಿ ಅಂತ ದೊಡ್ಡ ಚೆಕ್ ಹಿಡಿದು ಫೋಟೋಗೆ ನಿಲ್ತಾನೆ. ಆಯಮ್ಮ ಸಾರಿ ಒಪ್ಪಲ್ಲ, ರಾಜೀನಾಮೆ ಕೊಡು ಅಂತಾರೆ. ಮೈಕಲ್ ಮುಖ ನೋಡಿ ಬಿದ್ದುಬಿದ್ದು ನಕ್ಕೆ.

ನಗು ನಿಂತಿದ್ದು ಕ್ರೀಡ್ ಭಾಗ ಬಂದಾಗ. ಮಿಲ್‌ಗೆ ಹೋಗಿ ಕ್ವಾಲಿಟಿ ಚೆಕ್ ಮಾಡಬೇಕಿದ್ದವನು ಅವನು. ಹೋಗಿಲ್ಲ. ಫೋನ್ ಮಾಡಿ, ಮಿಲ್‌ನಲ್ಲಿ ಆ ದಿನ ರಜೆ ಇದ್ದವರು ಯಾರು ಅಂತ ಹುಡುಕ್ತಾನೆ. ಡೆಬ್ಬಿ ಬ್ರೌನ್ ಅನ್ನೋ ಹೆಸರು ಸಿಗುತ್ತೆ, ಅವಳ ಕೆಲಸ ಹೋಗುತ್ತೆ. ಆಮೇಲೆ ಅವಳಿಗೆ ಸಹಾಯ ಅಂತ ಆಫೀಸಲ್ಲಿ ದುಡ್ಡು ಎತ್ತಿ, ಅದನ್ನೂ ಜೇಬಿಗೆ ಹಾಕ್ಕೊಳ್ತಾನೆ.

ಇದು ಬರೀ ಕಾಮಿಡಿ ಅನ್ಕೊಂಡ್ರೆ ಪೆರಿಯರ್ ಕೇಸ್ ಓದಿ. ಫ್ರಾನ್ಸ್‌ನ ಬಾಟಲಿ ನೀರು. 1990ರ ಫೆಬ್ರವರಿ, ಅಮೆರಿಕದ ನಾರ್ತ್ ಕ್ಯಾರೊಲಿನಾದ ಒಂದು ಲ್ಯಾಬ್ ಪರೀಕ್ಷೆಗಳಿಗೆ ಶುದ್ಧ ನೀರು ಅಂತ ಪೆರಿಯರ್ ಬಳಸ್ತಿತ್ತು. ಅದರಲ್ಲೇ ಬೆಂಜೀನ್ ಸಿಕ್ತು! ಕಂಪನಿ ಮೊದಲು ಹೇಳಿದ್ದು: ಉತ್ತರ ಅಮೆರಿಕಕ್ಕೆ ಹೋಗೋ ಲೈನ್‌ನಲ್ಲಿ ಮೆಷಿನ್ ಕ್ಲೀನ್ ಮಾಡೋರು ತಪ್ಪು ದ್ರಾವಣ ಹಾಕಿದ್ದಾರೆ. ಕೆಲವೇ ದಿನದಲ್ಲಿ ಯುರೋಪಿನ ಬಾಟಲಿಗಳಲ್ಲೂ ಸಿಕ್ತು. ಆಗ ಕಾರಣ ಬದಲಾಯ್ತು: ನೀರಿನ ಮೂಲದ ಅನಿಲದಲ್ಲೇ ಬೆಂಜೀನ್ ಇರುತ್ತೆ, ಅದನ್ನ ತಡೆಯೋ ಫಿಲ್ಟರ್ ಟೈಮಿಗೆ ಬದಲಾಯಿಸಿರಲಿಲ್ಲ. ಪ್ರಪಂಚದಾದ್ಯಂತ 16 ಕೋಟಿ ಬಾಟಲಿ ವಾಪಸ್ ತಗೊಂಡ್ರು. 1992ರಲ್ಲಿ ನೆಸ್ಲೆ ಆ ಕಂಪನಿಯನ್ನ ಕೊಂಡ್ಕೊಳ್ತು.

ನಮ್ಮ ನೋಟ್ಸ್‌ನಲ್ಲಿ ಇಂಥದ್ದಕ್ಕೆ ಐದು ಮಾರ್ಕಿನ ಉತ್ತರ ಇದೆ: ಬೇಗ ಮಾತಾಡಿ, ಹೊಣೆ ಹೊತ್ಕೊಳ್ಳಿ, ಗ್ರಾಹಕರಿಗೆ ಪರಿಹಾರ ಕೊಡಿ. ಮೆಷಿನ್ ತೊಳೆಯೋರ ಬಗ್ಗೆ ಒಂದು ಲೈನೂ ಇಲ್ಲ.

ನಮ್ಮಮ್ಮ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮಾಡ್ತಾಳೆ. ಹೋದ ವರ್ಷ ಒಂದು ಲಾಟ್ ವಾಪಸ್ ಬಂತು, ಬಟ್ಟೆ ಬಣ್ಣ ಬಿಡ್ತಿತ್ತಂತೆ. ಬಟ್ಟೆ ತರಿಸಿದ್ದು ಅಮ್ಮ ಅಲ್ಲ, ಬಣ್ಣ ಹಾಕಿದ್ದೂ ಅಲ್ಲ. ಬೈಸ್ಕೊಂಡಿದ್ದು ಮಾತ್ರ ಅವಳ ಟೇಬಲ್. ಪಕ್ಕದಲ್ಲಿ ಕೂರ್ತಿದ್ದ ಆಂಟಿಗೆ ನಾಳೆಯಿಂದ ಬರಬೇಡ ಅಂದ್ರು. ಅಮ್ಮ ಉಳ್ಕೊಂಡ್ಳು. ಆ ತಿಂಗಳು ಮನೇಲಿ ಯಾರೂ ಜೋರಾಗಿ ಮಾತಾಡ್ಲಿಲ್ಲ, ನನ್ನ ಸೆಮಿಸ್ಟರ್ ಫೀಸ್ ಬೇರೆ ಬಾಕಿ ಇತ್ತು.

ಭಾನುವಾರ ಬಟ್ಟೆ ಮಡಚ್ತಾ ಅಮ್ಮನೂ ಈ ಎಪಿಸೋಡ್ ನೋಡಿದ್ಳು. ನಾನು ಅರ್ಥ ಹೇಳ್ತಿದ್ದೆ. ಬಾತುಕೋಳಿ ವಿಷಯ ಹಾರಿಸಿಬಿಟ್ಟೆ, ಬಿಡಿ.

‘ಆ ಡೆಬ್ಬಿನ ಒಂದ್ಸಲನಾದ್ರೂ ತೋರಿಸ್ತಾರಾ?’ ಅಂದ್ಳು.

‘ಇಲ್ಲಮ್ಮ.’

ಮಡಚಿದ್ದನ್ನ ಎತ್ಕೊಂಡು ಒಳಗೆ ಹೋದ್ಳು.

ಭಾಗ 5ರಲ್ಲಿ 1985ರ ನ್ಯೂ ಕೋಕ್. ನಿಮ್ಮನೇಲೂ ಇಂಥ ಕೆಲಸ ಮಾಡೋರು ಇದ್ರೆ ಕೆಳಗೆ ಬರೀರಿ. ಕಂಪನಿ ಹೆಸರು ಬೇಡ.